ಹಿಮ್ಮಡ ಎತ್ತಿ ನಿಂತ ಹವಾಲ್ದಾರರು

ನಮ್ಮ ಮನೆಯವರಿಗೆ ನೋವೇ ಆಗುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಇದನ್ನು ನಂಬಿದ್ದೆ. ಸೈನ್ಯದಲ್ಲಿ ಹವಾಲ್ದಾರರು, ಹಿಮದ ಗುಡ್ಡಗಳಲ್ಲಿ ಕಾವಲು ನಿಂತು ಬಂದವರು, ಇಂಥವರ ಮೈಯನ್ನು ದೇವರು ಬೇರೆ ಮಣ್ಣಿನಿಂದ ಮಾಡಿರಬೇಕು ಅಂದುಕೊಂಡಿದ್ದೆ. ರಜೆಗೆ ಬಂದಾಗ ಕಾಲಿಗೆ ಜಾಲಿಮುಳ್ಳು ನೆಟ್ಟರೂ 'ಏನಿಲ್ಲ', ಹಲ್ಲು ಕೀಳಿಸಿಕೊಂಡು ಬಂದರೂ 'ಏನಿಲ್ಲ'. ಆಮೇಲಾಮೇಲೆ ಗೊತ್ತಾಯಿತು, ಎಲ್ಲರಿಗೆ ಆಗುವಷ್ಟು ನೋವು ಇವರಿಗೂ ಆಗುತ್ತದೆ, ಬಾಯಿ ಬಿಡುವುದಿಲ್ಲ ಅಷ್ಟೆ. ಇಂಥ ಗಂಡಸಿನ ಜೊತೆ ಸಂಸಾರ ಮಾಡುವುದೆಂದರೆ ಎತ್ತಿಗೆ ಔಷಧ ಮಾಡಿದ ಹಾಗೆ. ಎಲ್ಲಿ ನೋಯುತ್ತದೆ ಎಂದು ನಾವೇ ಒತ್ತಿ ಒತ್ತಿ ನೋಡಬೇಕು.

ನಾವಿರುವುದು ಸೇಡಂನಲ್ಲಿ. ಅವರದು ಚಿಂಚೋಳಿ ಕಡೆಯ ಕೊಡ್ಲಿ, ನನ್ನ ತವರು ಕುರಕುಂಟಾ. ನಾನು ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದವಳು. ಓಣಿಯ ಮಂದಿ ಅವರಿಗೆ ಮಿಲಿಟ್ರಿ ಕಾಕಾ ಅನ್ನುತ್ತಾರೆ, ನನಗೆ ಅಕ್ಕೋರು ಅನ್ನುತ್ತಾರೆ. ನನ್ನನ್ನು ಕೆಣಕಬೇಕೆನಿಸಿದಾಗ ಅವರೂ 'ಅಕ್ಕೋರೆ' ಅಂತಲೇ ಕರೆಯುವುದು.

ಒಂದು ಮಳೆಗಾಲದ ಬೆಳಿಗ್ಗೆ ಅಂಗಳದ ಹಾಸುಗಲ್ಲಿನ ಮೇಲೆ ಬಿದ್ದ ಪೇಪರ್ ತರಲು ಹೋಗಿ ಜಾರಿದರು. ಅಟ್ಟದಿಂದ ಬಿದ್ದದ್ದಲ್ಲ, ಮರದಿಂದ ಬಿದ್ದದ್ದಲ್ಲ, ನಿಂತಲ್ಲೇ ಬಿದ್ದದ್ದು. ಬಲಗೈ ನೆಲಕ್ಕೆ ಊರಿದರು. ಸದ್ದು ಕೇಳಿ ನಾನು ಅಡುಗೆಮನೆಯಿಂದ ಓಡಿ ಬಂದರೆ, ಪುಣ್ಯಾತ್ಮ ಆಗಲೇ ಎದ್ದು ನಿಂತು ಪೇಪರ್ ಓದುತ್ತಿದ್ದಾರೆ! ಮುಂಗೈ ಮಾತ್ರ ಬಗ್ಗಿದ ಚಮಚದ ಹಾಗೆ ಸೊಟ್ಟಗಾಗಿದೆ.

“ಅಯ್ಯ ನನ್ನ ಶಿವನೆ! ಏನಾಯ್ತ್ರಿ?”

“ಏನಿಲ್ಲ. ಫರಸಿ ಜಾರಿತು.”

“ಫರಸಿ ಜಾರ್ತದೇನ್ರಿ? ಜಾರಿದ್ದು ನೀವು!”

“ಈ ಶಹಾಬಾದ ಕಲ್ಲು ಭಾಳ ಬೆರಕಿ ಅದ,” ಅಂದರು. ತಪ್ಪೆಲ್ಲ ಕಲ್ಲಿನದು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮಾತನ್ನು ನಮ್ಮ ಹಿರಿಯರು ಇವರನ್ನು ನೋಡಿಯೇ ಕಟ್ಟಿರಬೇಕು. ಸೇಡಂನಲ್ಲೇ ಪ್ಲಾಸ್ಟರ್ ಹಾಕಿಸಿದೆವು. ಎಲುಬು ಕೂಡಿತು, ಪ್ಲಾಸ್ಟರ್ ಬಿಚ್ಚಿದರು, ಆಯಿತು ಅಂದರು. ಆಯಿತು ಅಂತ ನಾವೂ ಮನೆಗೆ ಬಂದೆವು. ನಿಂತಲ್ಲೇ ಬಿದ್ದವನ ಕೈ ಹೀಗೆ ಹಪ್ಪಳದಂತೆ ಮುರಿಯಬಾರದಲ್ಲ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಅದೇ ಚಳಿಗಾಲದಲ್ಲಿ ಮಗಳ ಮನೆಗೆ ಕಳಿಸಲು ತೊಗರಿಬೇಳೆಯ ಚೀಲ ಎತ್ತಿದವರು ಹಾಗೇ ಬಾಗಿ ನಿಂತುಬಿಟ್ಟರು. ಮುಖ ಬೆಳ್ಳಗಾಯಿತು. “ನಸ ಹಿಡದದ, ಏನಿಲ್ಲ,” ಅಂದರು. ನರ ಹಿಡಿದಿರಬೇಕೆಂದು ನಂಬಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ, ಮುಲಾಮು ತಿಕ್ಕಿದೆ. ಕೆಲವು ದಿನ ಹಾಸಿಗೆಯಲ್ಲೇ ಇದ್ದು ಎದ್ದರು. ಎದ್ದರು ಅಂದೆನಲ್ಲ, ಪೂರ್ತಿ ಏಳಲಿಲ್ಲ. ಅದು ನನಗೆ ಗೊತ್ತಾದದ್ದು ಅಡುಗೆಮನೆಯ ಬಾಗಿಲಿನಿಂದ.

ನಮ್ಮ ಅಡುಗೆಮನೆಯ ಚೌಕಟ್ಟು ಗಿಡ್ಡ. ಅವರು ಒಳಗೆ ಬರುವಾಗ ಪ್ರತಿ ಸಲ ತಲೆ ಬಗ್ಗಿಸಲೇಬೇಕು. ಬಗ್ಗಿಸಲು ಮರೆಯುತ್ತಾರೆಂದು ನಾನು ಒಲೆ ಮುಂದೆ ಕುಳಿತಲ್ಲಿಂದಲೇ “ತಲಿ!” ಅಂತ ಕೂಗುವುದು ನಮ್ಮ ಮನೆಯ ರೂಢಿ. ಆ ದಿನವೂ ಕೂಗಿದೆ. ಅವರು ಬಗ್ಗಲಿಲ್ಲ. ನೆಟ್ಟಗೆ ನಡೆದು ಬಂದು, ಚಹಾ ಕೇಳಿದರು. ತಲೆಗೂ ಚೌಕಟ್ಟಿಗೂ ನಡುವೆ ಜಾಗ ಉಳಿದಿತ್ತು! ನನ್ನ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು. ಮನೆ ಎತ್ತರವಾಗುವ ಮಾತಿಲ್ಲ, ಮತ್ತೆ ಇವರಿಗೇನಾಯಿತು?

ಕಲಬುರಗಿಯಲ್ಲಿ ಮಾಜಿ ಸೈನಿಕರ ದವಾಖಾನೆಯಿದೆ. ಅಲ್ಲಿಗೆ ಹೋಗಿ ಬೆನ್ನು ತೋರಿಸೋಣ, ಎತ್ತರ ಅಳೆಸೋಣ ಅಂತ ಹಠ ಹಿಡಿದೆ. ಕುಸ್ತಿ ಆಡಬೇಕಾದೀತು ಅಂದುಕೊಂಡಿದ್ದೆ, ಒಂದೇ ಮಾತಿಗೆ ಒಪ್ಪಿದರು. “ನಡಿ, ಫಿಟ್ ಅದೀನಿ ಅಂತ ಅವರ ಬಾಯಿಲೇ ಕೇಳಿಸ್ತೀನಿ ನಿನಗ,” ಅಂದರು. ಅಷ್ಟು ಸಲೀಸಾಗಿ ಒಪ್ಪಿದ್ದನ್ನು ಕಂಡೇ ನಾನು ಸಂಶಯ ಪಡಬೇಕಿತ್ತು.

ರೈಲು ಹತ್ತಿದ್ದೇ ತಡ, ಖಾಲಿ ಸೀಟು ನೋಡಿ ಉದ್ದಕ್ಕೆ ಮಲಗಿಬಿಟ್ಟರು. ಚಿತ್ತಾಪುರ ಬಂತು, ಏಳಲಿಲ್ಲ. ವಾಡಿ ಬಂತು. ವಾಡಿಯಲ್ಲಿ ಇಳಿದು ಚಹಾ ಕುಡಿಯದೆ ಈ ಮನುಷ್ಯ ಜನ್ಮದಲ್ಲಿ ಮುಂದೆ ಹೋದವರಲ್ಲ.

“ಏಳ್ರಿ, ವಾಡಿ ಬಂತು. ಚಾ ಕುಡೀರಿ.”

“ಬ್ಯಾಡ. ನಾ ಹಿಂಗೇ ಇರ್ತೀನಿ.”

“ಅಷ್ಟು ನೋವಾಗ್ಲಿಕತ್ತದೇನ್ರಿ?”

“ನೋವಾ? ನನಗಾ? ಏನಿಲ್ಲ.”

ವಾಡಿಯ ಚಹಾ ಬೇಡ ಅಂದರೆಂದ ಮೇಲೆ ಒಳಗೆ ಏನೋ ದೊಡ್ಡದೇ ಆಗಿರಬೇಕು ಅಂತ ದೇವರಿಗೆಲ್ಲ ಹರಕೆ ಹೊತ್ತೆ. ಶಹಾಬಾದ ದಾಟುವಾಗ ಹಳಿ ಪಕ್ಕ ಪೇರಿಸಿಟ್ಟ ಕಲ್ಲುಗಳನ್ನು ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡಿ ಎರಡು ಮಾತು ಬೈದರು. ಅಷ್ಟಾದರೂ ಜೀವ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ.

ದವಾಖಾನೆಗೆ ಹೋದ ಮೇಲೂ ಅದೇ ಕತೆ, ಬೆಂಚಿನ ಮೇಲೆ ಅಡ್ಡಡ್ಡ. ಚಿತ್ತಾಪುರದ ಕಡೆಯ ಮಾಜಿ ಸೈನಿಕರೊಬ್ಬರು ನಕ್ಕು, “ಏನ್ ಸಾಬ್, ಘಾಯಲ್ ಆಗೀರೇನು? ಸ್ಟ್ರೆಚರ್ ತರಸ್ಲಾ?” ಅಂದರೂ ಇವರು ಕಣ್ಣು ತೆರೆಯಲಿಲ್ಲ. ಒಳಗೆ ಕರೆದರು ನೋಡಿ, ಚಂಗನೆ ಎದ್ದು ಕವಾಯತಿನ ನಡಿಗೆಯಲ್ಲಿ ಹೋದರು. ನಾನು ಚೀಲ, ಚೀಟಿ, ನೀರಿನ ಬಾಟಲಿ ಹಿಡಿದು ಹಿಂದೆ ಓಡಿದೆ.

ಡಾಕ್ಟರು ನಮ್ಮ ಮಗಳಿಗಿಂತ ಸಣ್ಣ ಹುಡುಗಿ. ಈ ಕಡೆಯವಳೇ, ಮಾತಿನಲ್ಲೇ ಗೊತ್ತಾಯಿತು. “ಕುಂದ್ರಿ ಕಾಕಾ. ಐವತ್ತು ದಾಟಿದ ಮ್ಯಾಲ ಎಲ್ಲೆರೆ ಎಲುಬು ಮುರದದೇನ್ರಿ?” ಅಂತ ಕೇಳಿದಳು.

“ನೋ ಸರ್! ಫಿಟ್ ಸರ್!”

ಸೈನ್ಯದ ದವಾಖಾನೆಯಲ್ಲಿ ಕುರ್ಚಿಯ ಮೇಲೆ ಯಾರೇ ಕುಳಿತಿರಲಿ, ಇವರಿಗೆ ಅವರು ಸರ್. ಅದಿರಲಿ, ಈ ಹಸಿ ಸುಳ್ಳು ಕೇಳಿ ನನಗೆ ಮೈ ಉರಿಯಿತು.

“ಹೋದ ಮಳಿಗಾಲದಾಗ ಮುಂಗೈ ಮುರಕೊಂಡದ್ದು ಮತ್ಯಾರ್ರಿ, ನಮ್ಮ ಓಣಿ ನಾಯೇನು?” ಅಂದೆ.

“ಅದು ಮುರದದ್ದಲ್ಲ ಸರ್, ಜಾರಿದ್ದು.”

“ಮತ್ತ ಬೆನ್ನು?” ನಾನು ಬಿಡಲಿಲ್ಲ.

“ಬೆನ್ನಿಗೇನಾಗ್ಯಾದ? ಏನಿಲ್ಲ.”

ಡಾಕ್ಟರು ನಮ್ಮಿಬ್ಬರ ಮುಖವನ್ನೂ ನೋಡಿದಳು. “ಬರ್ರಿ ಕಾಕಾ, ಎತ್ತರ ನೋಡೋಣು. ಬೆನ್ನೆಲುಬು ಒಳಗ ಕುಸದಿದ್ರ ಎತ್ತರ ಕಡಿಮಿ ಆಗಿರ್ತದ,” ಅಂದು ಗೋಡೆಯ ಅಳತೆಪಟ್ಟಿಯ ಕಡೆ ಕೈ ತೋರಿಸಿದಳು. ಅದೇ ಮಾತಿಗೆ ಕಾಯುತ್ತಿದ್ದವರ ಹಾಗೆ ಬೂಟು ಬಿಚ್ಚಿ ಹೋಗಿ ನಿಂತರು. ಹೊಟ್ಟೆ ಒಳಗೆ, ಎದೆ ಹೊರಗೆ, ಗದ್ದ ನೇರ. ಮುಖದಲ್ಲಿ ಗೆದ್ದ ಕಳೆ. ನಾನು ಮುಖ ಬಿಟ್ಟು ಕಾಲು ನೋಡಿದೆ. ಶಾಲೆಯಲ್ಲಿ ಆರೋಗ್ಯ ತಪಾಸಣೆಯ ದಿನ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆದೂ ಅಳೆದೂ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಕಾಲುಚೀಲದೊಳಗಿನ ಹಿಮ್ಮಡಗಳು ನೆಲ ಬಿಟ್ಟು, ಕೆಳಗೆ ಇಲಿ ನುಸುಳುವಷ್ಟು ಎದ್ದಿದ್ದವು.

“ಹಿಮ್ಮಡ ಕೆಳಗ ಇಡ್ರಿ!”

ಕ್ಲಾಸಿನಲ್ಲಿ ಹಿಂದಿನ ಬೆಂಚಿನವರಿಗೆ ಕೇಳುವ ಹಾಗೆ ಕೂಗಿದ್ದೆ. ಹೊರಗಿನ ಸಾಲಿನಲ್ಲಿ ಗದ್ದಲವೆಲ್ಲ ನಿಂತಿತು. ಹವಾಲ್ದಾರರು ಧೊಪ್ಪನೆ ನೆಲಕ್ಕಿಳಿದರು. ಡಾಕ್ಟರು ತುಟಿ ಕಚ್ಚಿಕೊಂಡಳು.

ಇವರು ರೈಲಿನಲ್ಲಿ ಯಾಕೆ ಮಲಗಿದ್ದರು ಅನ್ನುವುದು ನನಗೆ ಆಗ ತಿಳಿಯಿತು. ಇವರು ಸೈನ್ಯ ಸೇರಿದ ಕತೆಯನ್ನು ನಮ್ಮ ಮದುವೆಯಲ್ಲಿ ಭಾವನವರು, ಅಂದರೆ ಇವರ ಅಣ್ಣ, ಹೇಳಿ ಎಲ್ಲರನ್ನೂ ನಗಿಸಿದ್ದರು. ಗುಲ್ಬರ್ಗಾದಲ್ಲಿ ಸೈನ್ಯದ ಭರ್ತಿ ನಡೆಯುವುದಿತ್ತು. ಇವರಿಗೆ ಎತ್ತರ ಒಂದು ನೂಲು ಕಡಿಮೆ. ಮನುಷ್ಯ ಬೆಳಿಗ್ಗೆ ಏಳುವಾಗ ಉದ್ದ ಇರುತ್ತಾನೆ, ದಿನವೆಲ್ಲ ಓಡಾಡಿ ಸಂಜೆಗೆ ಕುಗ್ಗುತ್ತಾನೆ ಅನ್ನುವುದನ್ನು ಭಾವನವರು ಗೋಡೆಗೆ ಗೆರೆ ಎಳೆದು ಪತ್ತೆ ಮಾಡಿದರು. ಸರಿ, ತಮ್ಮನನ್ನು ನೆಲದ ಮೇಲೆ ಅಂಗಾತ ಮಲಗಿಸಿದರು. ನಸುಕಿನಲ್ಲಿ ಹಾಗೇ ಎತ್ತಿ ಬಂಡಿಗೆ ಹಾಕಿದರು. ಮುಂದೆ ಚಿಂಚೋಳಿಯಿಂದ ಬಂದ ತೊಗರಿ ಮೂಟೆಯ ಲಾರಿಯ ಮೇಲೆ, ಮಲಗಿಸಿಕೊಂಡೇ. ದಾರಿಯಲ್ಲಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕೈ ಮುಗಿದು, “ಪಾಪ, ಯಾವಾಗ ತೀರಿಕೊಂಡ?” ಅಂದಳಂತೆ. ಕಂಬಳಿಯೊಳಗಿನಿಂದ ಇವರು, “ಏ ಆಯಿ, ನಾ ಇನ್ನೂ ಅದೀನಿ!” ಅಂದರಂತೆ. ಮುದುಕಿ ಬುಟ್ಟಿ ಬಿಟ್ಟು ಓಡಿದಳಂತೆ. ಮೈದಾನದಲ್ಲಿ ಹೆಗಲ ಮೇಲೆ ಹೊತ್ತೊಯ್ದು ಅಳತೆಗೋಲಿನ ಕೆಳಗೆ ನಿಲ್ಲಿಸಿದರು, ಪಾಸಾದರು.

ಆ ಉಪಾಯವನ್ನು ಇವರು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದಾರೆ! ಸೈನ್ಯ ಸೇರಲು ಹೂಡಿದ ಆಟವನ್ನು ಕಾಯಿಲೆ ಮುಚ್ಚಲು ಹೂಡಿದ್ದಾರೆ. ನನಗೆ ನಗು ಬಂತು, ಸಿಟ್ಟು ಬಂತು. ಅದರ ಹಿಂದೆಯೇ, ಬಿಳಿ ತಲೆಯ ಈ ಮನುಷ್ಯ ಒಂದು ನೂಲಿಗಾಗಿ ವಾಡಿಯ ಚಹಾ ಬಿಟ್ಟರಲ್ಲ ಅಂತ ಪಾಪ ಅನ್ನಿಸಿತು.

ಡಾಕ್ಟರು ಮತ್ತೆ ಅಳೆದಳು. ಭರ್ತಿಯಾದಾಗ ಎಷ್ಟಿತ್ತು ಅಂತ ಕೇಳಿದಳು. ತಮ್ಮ ಸೈನ್ಯದ ನಂಬರಿನಂತೆ ಅದನ್ನೂ ಬಾಯಿಪಾಠ ಒಪ್ಪಿಸಿದರು. ಈಗಿನದಕ್ಕೂ ಅದಕ್ಕೂ ಮೂರು ಬೆರಳಿಗಿಂತ ಹೆಚ್ಚು ಅಂತರವಿತ್ತು. ಆ ಹುಡುಗಿ ಈಗ ನಗಲಿಲ್ಲ. ಇವರ ಬೆನ್ನ ಹಿಂದೆ ನಿಂತು ಮುಷ್ಟಿಯಿಂದ ಬೆನ್ನೆಲುಬಿನ ಒಂದೊಂದೇ ಮಣಿಯ ಮೇಲೆ ಮೆಲ್ಲಗೆ ತಟ್ಟುತ್ತ, “ಇಲ್ಲಿ ನೋವಾಗ್ತದೇನ್ರಿ? ಇಲ್ಲಿ?” ಅಂದಳು. “ನೋ ಸರ್. ನೋ ಸರ್.” ಒಂದು ಕಡೆ ತಟ್ಟಿದಾಗ ಕಾಲಿನ ಬೆರಳುಗಳೆಲ್ಲ ಮುದುಡಿಕೊಂಡವು, ಹಣೆಯ ಮೇಲೆ ಬೆವರು ಮೂಡಿತು. ಆಗಲೂ ನೋ ಸರ್.

ಎಕ್ಸ್‌ರೇ ಬಂತು. ಬೆನ್ನಿನ ಒಂದು ಮಣಿ, ಮೇಲೆ ಯಾರೋ ಕುಳಿತೆದ್ದ ಬೆಲ್ಲದ ಅಚ್ಚಿನಂತೆ ಒಂದು ಮಗ್ಗುಲಿಗೆ ಚಪ್ಪಟೆಯಾಗಿತ್ತು. ಬೇಳೆಯ ಚೀಲ ಎತ್ತಿದ ದಿನ ಹಿಡಿದದ್ದು ನಸವಲ್ಲ, ಮುರಿದದ್ದು ಎಲುಬು.

“ಎಲುಬು ಒಳಗ ಟೊಳ್ಳಾಗ್ಲಿಕತ್ತಾವ,” ಅಂದಳು ಡಾಕ್ಟರು. “ಹೆಣ್ಮಕ್ಕಳಿಗೆ ಇದು ಬರ್ತದ ಅಂತ ಎಲ್ಲರಿಗೂ ಗೊತ್ತದ. ಗಂಡಸರಿಗೂ ಬರ್ತದ ಅಂದ್ರ ಯಾರೂ ನಂಬಂಗಿಲ್ಲ. ಅದರಾಗ ನಮ್ಮ ಮಿಲಿಟ್ರಿಯವರು! ಮುರದ ಎಲುಬಿಗೆ ಪ್ಲಾಸ್ಟರ್ ಹಾಕಿಸ್ಕೊಂಡು ಹೋಗ್ತಾರ, ಯಾಕ ಮುರೀತು ಅಂತ ಕೇಳಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ಅವ್ವಾರ, ಔಷಧ ನಾ ಕೊಡ್ತೀನಿ. ಆದ್ರ ಇವರು ನೋವಾದಾಗ ನೋವಂತ ಹೇಳಬೇಕು. ಮುಂದ ಬಿದ್ರ ತೊಡಿ ಸಂದಿನ ಎಲುಬಿಗೆ ಬರ್ತದ. ಬಿರುಕು ಬಿಟ್ಟದ್ದನ್ನ ಮುಚ್ಚಿಟ್ಟು ಎದ್ದು ನಡದಾಡಿದ್ರ, ಪೂರಾ ಮುರೀತದ. ಆಮ್ಯಾಲ ಏಳೋದು ಭಾಳ ಕಷ್ಟ.”

ಅದು ನನಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ನನ್ನ ಅವ್ವ ಕುರಕುಂಟಾದಲ್ಲಿ ಅದೇ ಎಲುಬು ಮುರಿದುಕೊಂಡು ಮಂಚ ಹಿಡಿದವಳು, ಮತ್ತೆ ಕಾಲು ನೆಲಕ್ಕೆ ಇಡಲಿಲ್ಲ. ಆ ಮಂಚದ ಮೇಲೆ ನಾನು ಇವರನ್ನು ನೆನೆಸಿಕೊಂಡೆ. ಅಲ್ಲೇ, ಡಾಕ್ಟರ ಎದುರಿಗೇ, ಸೆರಗು ಬಾಯಿಗೆ ಒತ್ತಿಕೊಂಡೆ. ಇವರು ಬೂಟಿನ ದಾರ ಕಟ್ಟುತ್ತ ಕುಳಿತರು.

ಹಿಂದಿರುಗುವ ರೈಲಿನಲ್ಲಿ ನಾನು ಮಾತಾಡಲಿಲ್ಲ. ನಾನು ಬೈದರೆ ಅವರಿಗೆ ಊಟ ಸೇರುತ್ತದೆ, ಸುಮ್ಮನಿದ್ದರೆ ಸೇರುವುದಿಲ್ಲ. ವಾಡಿಯಲ್ಲಿ ತಾವೇ ಇಳಿದು ಎರಡು ಚಹಾ ತಂದರು.

“ಏನ್ ಅಕ್ಕೋರೆ, ಇವತ್ತ ಸಾಲಿ ಸೂಟಿ ಏನು?”

“ಯಾಕ ಸುಳ್ಳು ಹೇಳಿದ್ರಿ?”

“ಮಿಲಿಟ್ರಿಯಾಗ ನೋವಂದವ ಹಿಂದ ಉಳೀತಾನ,” ಅಂದರು. “ಮೆಡಿಕಲ್ ಕೆಟಗರಿ ಇಳಸ್ತಾರ. ಜೋಡಿದವರು ಎಲ್ಲಾ ಗುಡ್ಡ ಏರಿ ಹೋಗ್ತಾರ, ನಾವು ಕೆಳಗ ಅಡಗಿಮನಿ ಮುಂದ ಉಳ್ಳಾಗಡ್ಡಿ ಹೆಚ್ಚಿಕೋತ ಕುಂದ್ರಬೇಕು. ನಾ ಒಂದ್ಸಲಾನೂ ಹಿಂದ ಉಳದವ ಅಲ್ಲ.”

“ಈಗ ಯಾರ್ ಗುಡ್ಡ ಏರ್ಲಿಕತ್ತಾರ್ರಿ?”

“ನೀ ಏರ್ತಿ. ನಿನ್ನ ಕಾಲು ನೆಟ್ಟಗ ಅವ. ನಾ ಮಂಚದ ಮ್ಯಾಲ, ನೀ ಮುಂದ. ಅದು ನನಗ ಭಾಳ ಅಂಜಿಕಿ ಅದ.”

ಅಂಜಿಕೆ ಎಂಬ ಮಾತನ್ನು ಅವರ ಬಾಯಲ್ಲಿ ಅದೇ ಮೊದಲು ಕೇಳಿದ್ದು. “ನಾ ಎಲ್ಲಿಗೆ ಹೋಗ್ಲಿ ಹುಚ್ಚಪ್ಪ, ಬಜಾರಕ್ಕ ಹೋದ್ರ ವಾಪಸ್ ಬರ್ತೀನಿ,” ಅಂದೆ. ಹುಚ್ಚಪ್ಪ ಅಂದದ್ದಕ್ಕೆ ಎದುರಿನ ಸೀಟಿನವರು ಗಾಬರಿಯಾಗಿ ನೋಡಿದರು. ನೋಡಲಿ ಬಿಡಿ. ಚಿತ್ತಾಪುರದವರೆಗೂ ನಾನು ಅವರ ಕೈ ಬಿಡಲಿಲ್ಲ.

ಆ ಮೇಲೆ ದೊಡ್ಡ ದವಾಖಾನೆಯಲ್ಲಿ ಎಲುಬಿನ ಗಟ್ಟಿತನ ಅಳೆಯುವ ಸ್ಕ್ಯಾನ್ ಆಯಿತು. ಇದರಲ್ಲಿ ಸುಮ್ಮನೆ ಮಲಗಬೇಕು, ಮೋಸ ಮಾಡಲು ದಾರಿಯಿಲ್ಲ. ಡಾಕ್ಟರು ಅಂದುಕೊಂಡದ್ದೇ ನಿಜವಾಯಿತು. ರಕ್ತ ಪರೀಕ್ಷೆಯಲ್ಲಿ ಬಿಸಿಲಿನಿಂದ ಬರುವ ವಿಟಮಿನ್ನೇ ಕಡಿಮೆ ಅಂತ ಬಂತು. ಸೇಡಂನಲ್ಲಿ ಇದ್ದವರಿಗೆ ಬಿಸಿಲು ಸಾಲದಂತೆ! ಓಣಿಯಲ್ಲಿ ಹೇಳಿದರೆ ಹೊಡೆದಾರು. ಆದರೆ ಯೋಚಿಸಿದರೆ ಹೌದು, ನಮ್ಮ ಬಿಸಿಲಿಗೆ ಹೆದರಿ ಹೊತ್ತು ಏರುವ ಮೊದಲೇ ಬಾಗಿಲು ಹಾಕಿಕೊಂಡು ಕೂಡುವವರು ನಾವು. ಬೀಡಿ ಬಿಡಬೇಕು, ಸೈನಿಕರ ಕ್ಯಾಂಟೀನಿನ ರಮ್ಮು ಬಿಡಬೇಕು, ಹಾಲು ಮೊಸರು ಹೆಚ್ಚು ತಿನ್ನಬೇಕು ಅಂದರು. ಮೊದಲನೆಯ ಎರಡನ್ನು ಕೇಳಿ ಸತ್ತ ಮುಖ ಮಾಡಿದವರು ಮೂರನೆಯದನ್ನು ಕೇಳಿ ಎದ್ದು ಕುಳಿತರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನನ್ನ ಪಾಲಿನ ಕೆನೆಮೊಸರಿಗೂ ಅಂದಿನಿಂದ ಸಂಚಕಾರ ಬಂತು.

ವಾರಕ್ಕೊಂದು ಗುಳಿಗೆ ಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಕೂತರೂ ನಡೆಯುತ್ತದೆ ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದ್ದಾಳೆ. ಇವರು ಕೇಳಬೇಕಲ್ಲ! ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸಾವಧಾನ್ ನಿಲ್ಲುತ್ತಾರೆ, ಸೂರ್ಯನಿಗೆ ಎದುರಾಗಿ. ಹಾಲಿನವನು ಮೊದಮೊದಲು ರಾಷ್ಟ್ರಗೀತೆ ಇರಬೇಕೆಂದು ತಾನೂ ಕ್ಯಾನು ಇಳಿಸಿ ನಿಲ್ಲುತ್ತಿದ್ದ. ಅಂಗಳದ ಫರಸಿಗೆ ನಾನು ಕಲ್ಲು ಕೆಲಸದವರನ್ನು ಕರೆಸಿ ಉಳಿಯಿಂದ ಒರಟು ಮಾಡಿಸಿದೆ, ಕಾಲು ಜಾರದ ಹಾಗೆ. ಅವರು ಬಡಿಯುವಾಗ ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, “ಇನ್ನೂ ಜೋರ್ ಹೊಡಿ,” ಅನ್ನುತ್ತಿದ್ದರು.

ಆದರೆ ಔಷಧಕ್ಕಿಂತ ದೊಡ್ಡ ಕೆಲಸ ಹಾಗೇ ಉಳಿದಿತ್ತು. ದಿನಾ ರಾತ್ರಿ ಕೇಳುತ್ತಿದ್ದೆ, “ಬೆನ್ನು ಹ್ಯಾಂಗದ?” “ಏನಿಲ್ಲ.” ಬೈದು ಕೇಳಿದೆ, ನಕ್ಕು ಕೇಳಿದೆ, ಆಣೆ ಹಾಕಿ ಕೇಳಿದೆ. ಏನಿಲ್ಲ. ಗುಳಿಗೆ ಎಲುಬು ಗಟ್ಟಿ ಮಾಡಬಹುದು, ಬಾಯಿ ಯಾವ ಗುಳಿಗೆ ಬಿಡಿಸೀತು? ಅವರು ಬಚ್ಚಲಿಗೆ ಹೋದರೆ ನನ್ನ ಕಿವಿ ಅಲ್ಲೇ. ಚೊಂಬು ಬಿದ್ದರೂ ಜೀವ ಹಾರುತ್ತಿತ್ತು. ಬಿದ್ದರೂ ಸದ್ದಿಲ್ಲದೆ ಎದ್ದು ಬಂದುಬಿಡುತ್ತಾರೆ, ಮುರಿದ ಎಲುಬಿನ ಮೇಲೆಯೇ ನಡೆದು ಬಂದು ಚಹಾ ಕೇಳುತ್ತಾರೆ, ಅದು ನನ್ನ ಭಯ.

ಈ ವರ್ಷ ಬೇಸಿಗೆಯಲ್ಲಿ ಬಿದ್ದರು. ಓದುವವರು ಗಾಬರಿಯಾಗಬಾರದೆಂದು ಮೊದಲೇ ಹೇಳಿಬಿಡುತ್ತೇನೆ, ಏನೂ ಮುರಿಯಲಿಲ್ಲ. ತೊಡೆ ಕಪ್ಪುಗಟ್ಟಿತ್ತು, ಎಕ್ಸ್‌ರೇ ಚೊಕ್ಕವಾಗಿತ್ತು. ಆದರೆ ಅದು ನಮಗೆ ಗೊತ್ತಾದದ್ದು ಮಧ್ಯಾಹ್ನ. ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬಚ್ಚಲಿನಲ್ಲಿ ದೊಪ್ಪೆಂದು ಸದ್ದಾಯಿತು. ಆಮೇಲೆ ಏನೂ ಇಲ್ಲ. ನನ್ನ ಕೈ ಹಿಟ್ಟಿನ ಮೇಲೇ ನಿಂತಿತು. ಎದ್ದರೋ, ಈಗ ಬರುತ್ತಾರೋ, ಏನಿಲ್ಲ ಅನ್ನುತ್ತಾರೋ ಅಂತ ಉಸಿರು ಹಿಡಿದೆ.

“ಏ, ಎಲ್ಲಿದ್ದಿ? ಜಲ್ದಿ ಬಾ. ಬಿದ್ದೀನಿ. ಎದ್ದಿಲ್ಲ ನೋಡು, ಹಂಗೇ ಕುಂತೀನಿ. ತೊಡಿಗೆ ಭಾಳ ನೋವಾಗ್ಲಿಕತ್ತದ.”

ಓಡಿದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾಯಿತು, ಆಗಲಿ. ಗೋಡೆಗೆ ಒರಗಿ, ಒದ್ದೆ ಟವೆಲ್ಲಿನಲ್ಲಿ, ಕಾಲು ಚಾಚಿಕೊಂಡು ಕುಳಿತಿದ್ದರು. ಮುಖವೆಲ್ಲ ಹಿಂಡಿಕೊಂಡಿತ್ತು. ನಾನು ಒದ್ದೆ ನೆಲದ ಮೇಲೆಯೇ ಪಕ್ಕದಲ್ಲಿ ಕುಳಿತು, ಹಿಟ್ಟಿನ ಕೈಯಿಂದಲೇ ಅವರ ತಲೆಯನ್ನು ಹೆಗಲಿಗೆ ಒತ್ತಿಕೊಂಡೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

“ನಗ್ತಿ ಯಾಕ?” ಅವರಿಗೆ ಸಿಟ್ಟು ಬಂತು. “ಖರೇನೇ ನೋವಾಗ್ಲಿಕತ್ತದ.”

“ಇನ್ನೊಮ್ಮೆ ಹೇಳ್ರಿ,” ಅಂದೆ.